ವಿಶಿಲ್ ಊದದ ಸ್ಟಾಪು

ಸ್ಟೇಟ್‌ಬ್ಯಾಂಕಿನಿಂದ ಸುರತ್ಕಲ್ಲಿಗೆ ದಿನಕ್ಕೆ ಎಂಟು ಟ್ರಿಪ್ಪು,
ಹತ್ತೊಂಬತ್ತು ವರ್ಷ.
ಅನ್ನಕ್ಕೂ ಈಗ ವಿಶಿಲ್ಲಿನ ಹಿತ್ತಾಳೆ ರುಚಿ.
ಬೆಳಗಿನ ಟ್ರಿಪ್ಪಿಗೆ ದಕ್ಕೆಯ ಮೀನಿನ ಬುಟ್ಟಿ ಹತ್ತುತ್ತದೆ,
ಅದರ ಪಕ್ಕದಲ್ಲೇ ನಾಲ್ಕು ಅಟ್ಟೆ ಮಲ್ಲಿಗೆ,
ಒದ್ದೆ ಕೊಡೆ, ಕಾಲೇಜಿನ ಬ್ಯಾಗು,
ಡ್ರೈವರ್ ಲ್ಯಾನ್ಸಿಯ ಹಾರ್ನು, ಸ್ಪೀಕರಿನ ಹಾಡು.
"ಉಲಾಯಿ ಪೋಲೆ, ಉಲಾಯಿ ಪೋಲೆ"
ಎಂದು ಎಲ್ಲವನ್ನೂ ಹಿಂದಕ್ಕೆ ದಾಟಿಸಿ
ಬಾಗಿಲಲ್ಲಿ ನನ್ನದೊಂದು ಕಾಲಿಗೆ ಜಾಗ ಮಾಡಿಕೊಳ್ಳುತ್ತೇನೆ.
ಕಂಡಕ್ಟರಿಕೆ ಅಂದರೆ ಇಷ್ಟೇ ಮಾರಾಯ್ರೆ.

ಉರ್ವಸ್ಟೋರಿನಲ್ಲಿ ಪ್ರಫುಲ್ಲಕ್ಕ ಹತ್ತಿದರು, ಜೊತೆಗೆ ಮಗ ತನ್ವಿತ್,
ಬೈಕಂಪಾಡಿಗೆ ಒಂದೂವರೆ ಟಿಕೆಟು.
ಕೂಳೂರು ಸಂಕದ ಮೇಲೆ ಬ್ಲಾಕು.
ಹಿಂದಿನ ಲಾರಿ ಹಾರ್ನು ಹೊಡೆಯಿತು, ಮುಂದಿನದ್ದು ಹೊಡೆಯಿತು,
ನಾನೂ ಊದಿದೆ, ಯಾಕೆ ಊದಿದೆನೋ,
ಬಸ್ಸು ಹಂದುವ ಹಾಗೇ ಇರಲಿಲ್ಲ.
ಹುಡುಗ ಹಣೆಯನ್ನು ಕಿಟಕಿಯ ಸರಳಿಗೆ
ಕುಟ್ಟತೊಡಗಿದ. ಲೆಕ್ಕವಿಟ್ಟ ಹಾಗೆ, ಒಂದೇ ತಾಳದಲ್ಲಿ.
"ಎರಡು ಬಿಟ್ಟರೆ ಸರಿಯಾಗ್ತದೆ" ಅಂದರು ಯಾರೋ.
"ಹಿಡ್ಕೊಳ್ಳಿ ಅಕ್ಕ, ಇಲ್ಲಾಂದ್ರೆ ಇಳೀರಿ" ಅಂದವನು ನಾನು.
ಇಳಿದರು.
ಕನ್ನಡಿಯಲ್ಲಿ ಕಂಡಿತು: ಸಂಕದ ಕಟ್ಟೆಗೆ ಒರಗಿ
ಸೆರಗಿನಲ್ಲಿ ಅವನ ತಲೆಯನ್ನೂ ತನ್ನ ತಲೆಯನ್ನೂ ಮುಚ್ಚಿ
ಒಂದು ಮೊಳ ಕತ್ತಲೆ ಕಟ್ಟಿಕೊಂಡಿದ್ದರು.
ಕೆಳಗೆ ಫಲ್ಗುಣಿ, ಸದ್ದಿಲ್ಲದೆ.
ಉಳಿದ ಸ್ಟಾಪಿನ ದುಡ್ಡು ನನ್ನ ಚೀಲದಲ್ಲೇ ಇತ್ತು.

ಹದಿನೈದು ದಿನ ಕಳೆದು ಅದೇ ಸ್ಟಾಪಿನಲ್ಲಿ ಹೇಳಿದರು,
ಸಿಟ್ಟಿಲ್ಲದೆ, ಚಿಲ್ಲರೆ ಎಣಿಸುತ್ತ:
"ಅವನಿಗೆ ಎಲ್ಲ ಒಟ್ಟಿಗೆ ಬರ್ತದೆ ಕಂಡಕ್ಟ್ರೇ.
ಅಂಗಿಯ ಕಾಲರಿನ ಚೀಟಿ ಸಹ
ನಿಮ್ಮ ಹಾರ್ನಿನಷ್ಟೇ ಜೋರು."

ರಾತ್ರಿ ಕಲೆಕ್ಷನ್ ಎಣಿಸುವಾಗ ತಲೆಗೆ ಹೋಯಿತು.
ಆ ಮಗುವಿನ ಬಸ್ಸಿನಲ್ಲಿ ಕಂಡಕ್ಟರಿಲ್ಲ.
ಮೀನು, ಮಲ್ಲಿಗೆ, ಬ್ರೇಕು, ಬಿಸಿಲು, ಬೆವರು
ಎಲ್ಲವೂ ಮುಂದಿನ ಬಾಗಿಲಲ್ಲೇ ಜೋತುಬಿದ್ದಿವೆ,
ಉಲಾಯಿ ಪೋಲೆ ಅನ್ನುವವರಿಲ್ಲ.

ಆಮೇಲೆ ಕಣ್ಣಿಗೆ ಬೀಳತೊಡಗಿದರು ಒಬ್ಬೊಬ್ಬರೇ.
ಹಿಲ್ಡಾ ಟೀಚರ ಕಂಡಕ್ಟರಿಗೆ ತಿಂಗಳಿಗೆ ಮೂರು ದಿನ ರಜೆ.
ಮೋಡದ ದಿನವೂ ಕಪ್ಪು ಕನ್ನಡಕ,
ಮುಂದಿನ ಸೀಟಿನವಳ ಜಡೆಯ ಮಲ್ಲಿಗೆಗೆ
ಮೂಗು ಮುಚ್ಚಿ ಕೂರುತ್ತಾರೆ, ಹೂವಿನವಳು ಮುಖ ಊದಿಸುತ್ತಾಳೆ.
ಪಣಂಬೂರಿನ ತೆಂಗುಗಳ ನಡುವೆ ಬೆಳಕು
ಚಕಚಕ ಕತ್ತರಿಸಿ ಬರುವಾಗ
ತುಟಿ ಕಚ್ಚಿ ಗೋಡೆಯ ಕಡೆ ತಿರುಗುತ್ತಾರೆ.
ನಾನದನ್ನು ಗರ್ವ ಅಂದುಕೊಂಡಿದ್ದೆ, ಆರು ವರ್ಷ.

ಲೋಕಯ್ಯ ಪುತ್ರನ್ ದೋಣಿ ಮಗುಚಿದ ಮೇಲೆ ಸಮುದ್ರಕ್ಕೆ ಹೋಗಿಲ್ಲ.
ಒದ್ದೆ ಹಗ್ಗ, ಡೀಸೆಲು, ಎರಡೂ ಒಟ್ಟಿಗೆ ಮೂಗಿಗೆ ಬಡಿದರೆ
ಸರಳು ಹಿಡಿದ ಕೈಯ ನರ ಎದ್ದು ನಿಲ್ಲುತ್ತದೆ.
ಅವರದು ಖಾಲಿ ಬಸ್ಸು. ಒಬ್ಬನೇ ಪ್ಯಾಸೆಂಜರು,
ಲಾಸ್ಟ್ ಸ್ಟಾಪು ದಾಟಿದರೂ ಇಳಿಯುವುದಿಲ್ಲ.

ನನ್ನದು? ಬೇಡ ಬಿಡಿ.
ಎಡಗಿವಿಯಲ್ಲಿ ಈಚೆಗೆ ರಾತ್ರಿಯೂ ಕೀಂ ಅನ್ನುತ್ತದೆ.
ವೆನ್ಲಾಕಿನ ಡಾಕ್ಟ್ರು ಅದಕ್ಕೊಂದು ಹೆಸರು ಬರೆದುಕೊಟ್ಟರು.
ನನಗೆ ಗೊತ್ತು, ನಾನೇ ಊದಿದ್ದು
ತಿರುಗಿ ಬರುತ್ತಿದೆ.

ಈಗ ಉರ್ವಸ್ಟೋರಿನಲ್ಲಿ ನಾನು ಊದುವುದಿಲ್ಲ.
ಬಾಗಿಲಿನಿಂದ ಕೈ ಬೀಸುತ್ತೇನೆ, ಲ್ಯಾನ್ಸಿ ಕನ್ನಡಿಯಲ್ಲಿ ನೋಡುತ್ತಾನೆ,
ನೋಡದಿದ್ದರೆ ಅರ್ಧ ನಿಮಿಷ ಹೋಗುತ್ತದೆ,
ಹಿಂದಿನ ಬಸ್ಸು ಓವರ್‌ಟೇಕ್ ಮಾಡಿ
ಕೊಟ್ಟಾರದ ಜನರನ್ನೆಲ್ಲ ಹೊತ್ತುಕೊಂಡು ಹೋಗುತ್ತದೆ.
ಎರಡು ಸಲ ಮರೆತು ಊದಿದ್ದೂ ಉಂಟು.

ನಿನ್ನೆ ತನ್ವಿತ್ ಟಿಕೆಟನ್ನು ಹೆಬ್ಬೆರಳಿನಿಂದ ಸವರಿದ,
ಮೂಸಿದ, ಜೇಬಿಗೆ ಹಾಕಿದ.
ನನ್ನ ಮುಖ ನೋಡಲಿಲ್ಲ, ಯಾವತ್ತೂ ನೋಡುವುದಿಲ್ಲ.
ಎದೆಯ ಮೇಲೆ ನೇತಾಡುತ್ತಿದ್ದ ವಿಶಿಲ್ಲನ್ನು ಹಿಡಿದು
ಅದರ ತೂತಿನ ಮೇಲೆ ಬೆರಳಿಟ್ಟ,
ಗಾಯ ಒತ್ತಿ ಹಿಡಿದ ಹಾಗೆ,
ಕೊಟ್ಟಾರಚೌಕಿ ಬರುವ ತನಕ.

ಅಲ್ಲಿ ಊದಲೇಬೇಕಿತ್ತು.
ಹೊರಗೆ ಬಾಗಿ, ರಸ್ತೆಯ ಕಡೆ ಮುಖ ಮಾಡಿ
ಊದಿದೆ, ಮೆಲ್ಲಗೆ.